ತುರುವನೂರಿನ ಮರ, ಬಾರ್ಸಿಲೋನಾದ ಉದ್ಯಾನ

ಚಿತ್ರದುರ್ಗ ತಾಲ್ಲೂಕಿನ ತುರುವನೂರು ಇತಿಹಾಸದ ಪುಟ ಸೇರಿದ್ದು ಮರ ನೆಟ್ಟಿದ್ದಕ್ಕಲ್ಲ, ಮರ ಕಡಿದಿದ್ದಕ್ಕೆ. 1939ರಲ್ಲಿ ಎಸ್. ನಿಜಲಿಂಗಪ್ಪನವರ ನೇತೃತ್ವದಲ್ಲಿ ಸತ್ಯಾಗ್ರಹಿಗಳು ಇಲ್ಲಿ ಕೊಡಲಿ ಹಿಡಿದು ಈಚಲ ಮರಗಳನ್ನು ಉರುಳಿಸಿದರು, ಸೆರೆಮನೆ ಸೇರಿದರು. ಉತ್ತರ ಕನ್ನಡದಲ್ಲಿ 1930ರಲ್ಲೇ ನಡೆದಿದ್ದ ಅರಣ್ಯ ಸತ್ಯಾಗ್ರಹದ ಬಿಸಿ ಮೈಸೂರು ಸಂಸ್ಥಾನಕ್ಕೆ ತಟ್ಟಿದ್ದು ಹೀಗೆ. ಹೆಂಡ ಇಳಿಸುವ ಮರ ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ಆದಾಯ ತರುವ ಮರ. ಅದನ್ನು ಕಡಿದರೆ ಪಾನನಿಷೇಧದ ಪ್ರಚಾರವೂ ಆಯಿತು, ಕಾನೂನುಭಂಗವೂ ಆಯಿತು.

ಇಂದು ಆ ಕಥೆ ಕೇಳಿದ ಶಾಲಾ ಮಕ್ಕಳಿಗೆ ಗೊಂದಲವಾಗುವುದು ಸಹಜ. ಮರ ಕಡಿಯಬಾರದೆಂದು ಪಾಠ ಹೇಳುವ ನಾವೇ ಮರ ಕಡಿದವರಿಗೆ ಸ್ಮಾರಕ ಕಟ್ಟುತ್ತೇವೆ. ಆದರೆ ಆ ಚಳವಳಿಯ ತಿರುಳಿನಲ್ಲಿದ್ದ ಪ್ರಶ್ನೆ ಬೇರೆ. ಊರಿನ ಎಲ್ಲೆಯೊಳಗೆ, ಊರವರ ಕಣ್ಣೆದುರು ಬೆಳೆದು ನಿಂತ ಮರ ಯಾರದು? ಅದರ ನೆರಳು, ಹಣ್ಣು, ಕಟ್ಟಿಗೆಯ ಮೇಲೆ ಮಾತಾಡುವ ಹಕ್ಕು ಊರಿನದೋ, ದೂರದ ಕಚೇರಿಯದೋ? ನಮ್ಮ ಸಾರ್ವಜನಿಕ ಉದ್ಯಾನಗಳ ಬಗ್ಗೆ ಯೋಚಿಸುವವರು ಇದೇ ಪ್ರಶ್ನೆಯಿಂದ ಹೊರಡುವುದು ಒಳ್ಳೆಯದು. ಏಕೆಂದರೆ ಉದ್ಯಾನ ಎಂಬ ಪದಕ್ಕೆ ನಮ್ಮಲ್ಲಿ ಸಾವಿರಾರು ವರ್ಷದ ವಯಸ್ಸಿದ್ದರೂ ‘ಸಾರ್ವಜನಿಕ’ ಎಂಬ ವಿಶೇಷಣ ಅದಕ್ಕೆ ಅಂಟಿಕೊಂಡದ್ದು ತೀರ ಇತ್ತೀಚೆಗೆ. ಕಾವ್ಯಗಳಲ್ಲಿ ಬರುವ ಉದ್ಯಾನವನವೆಲ್ಲ ಅರಸನದು. ಅಲ್ಲಿಗೆ ಹೋಗುವವರು ರಾಜಕುಮಾರಿ, ಅವಳ ಸಖಿಯರು, ಬಿಟ್ಟರೆ ಮಾಲೆಗಾರ.

ಹಾಗಾದರೆ ಹಳ್ಳಿಯ ಜನಕ್ಕೆ ಉದ್ಯಾನವೇ ಇರಲಿಲ್ಲವೆ? ಇತ್ತು, ಹೆಸರು ಬೇರೆಯಾಗಿತ್ತು. ಅದೇ ಗುಂಡುತೋಪು. ಹಳೆಯ ಮೈಸೂರು ಸೀಮೆಯ ಎಷ್ಟೋ ಊರುಗಳ ಕಂದಾಯ ದಾಖಲೆಗಳಲ್ಲಿ ಇಂದಿಗೂ ‘ಸರ್ಕಾರಿ ಗುಂಡುತೋಪು’ ಎಂಬ ನಮೂದು ಕಾಣುತ್ತದೆ. ಊರ ಹೊರಗೆ, ಹೆಚ್ಚಾಗಿ ಕೆರೆಯ ಆಸುಪಾಸಿನಲ್ಲೋ ದಾರಿಯ ಬದಿಯಲ್ಲೋ, ಹುಣಸೆ, ಮಾವು, ಹೊಂಗೆ, ಬೇವು, ನೇರಳೆ ಮರಗಳ ಗುಂಪು. ದೂರದಿಂದ ಬಂದ ಗಾಡಿಯವರು ಅಲ್ಲಿ ಎತ್ತು ಬಿಚ್ಚಿ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಜಾತ್ರೆಗೆ ಬಂದವರು, ಕುರಿ ಮಂದೆಯೊಡನೆ ನಡೆದುಬಂದವರು, ಬಯಲಾಟದ ಮೇಳದವರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಹೊಂಗೆಯ ಬೀಜ ದೀಪಕ್ಕೆ, ಬೇವಿನ ಹಿಂಡಿ ಗದ್ದೆಗೆ, ಹುಣಸೆಯ ಫಸಲು ಹರಾಜಿಗೆ. ಆ ಹರಾಜಿನ ಹಣ ಊರ ಕೆಲಸಕ್ಕೆ ಬೀಳಬೇಕೆಂಬುದು ವಾಡಿಕೆ. ಬೀಳುತ್ತಿತ್ತೆ ಎಂಬುದು ಆಯಾ ಊರಿನ ಪಟೇಲರನ್ನು ಅವಲಂಬಿಸಿದ ಮಾತು. ಎಲ್ಲ ಜಾತಿಯವರೂ ಅಲ್ಲಿ ಒಂದೇ ಮರದ ಕೆಳಗೆ ಕೂರುತ್ತಿದ್ದರೆಂದು ಹೇಳಿದರೆ ಸುಳ್ಳಾದೀತು. ಆದರೂ ತೋಪಿಗೆ ಬೇಲಿಯಿರಲಿಲ್ಲ, ಬೀಗವಿರಲಿಲ್ಲ. ನಡುಹಗಲ ಬಿಸಿಲಿನಲ್ಲಿ ದಾರಿಹೋಕನನ್ನು ‘ಈಗ ಸಮಯವಲ್ಲ’ ಎಂದು ಅದು ವಾಪಸು ಕಳಿಸುತ್ತಿರಲಿಲ್ಲ.

ಬಯಲುಸೀಮೆಯಲ್ಲಿ ಮರ ತಾನಾಗಿ ಬೆಳೆಯುವುದಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಹಿರಿಯೂರು, ಚಳ್ಳಕೆರೆ ಕಡೆ ಅದಕ್ಕಿಂತಲೂ ಕಡಿಮೆ. ಅದೂ ಹೇಳಿದ ಹೊತ್ತಿಗೆ ಬರುವ ಮಳೆಯಲ್ಲ. ಹಾಗಾಗಿ ಇಲ್ಲಿ ಯಾವ ಹಸಿರನ್ನು ಕಂಡರೂ ಅದರ ಹಿಂದೆ ಯಾರೋ ಹಿಡಿದಿಟ್ಟ ನೀರೊಂದನ್ನು ಹುಡುಕಬೇಕು. ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಚಂದ್ರವಳ್ಳಿಯನ್ನೇ ನೋಡಿ. ದುರ್ಗದವರು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ, ಹೊರಗಿನವರು ಅಂಕಲಿ ಮಠದ ಕತ್ತಲೆ ಗುಹೆ ನೋಡಲು ಬರುವ ತಾಣ ಇದು. ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ, ಈ ಮೂರರ ನಡುವಿನ ಕಣಿವೆ. ಇಲ್ಲಿನ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲಿದ್ದ ಶಾಸನವನ್ನು 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಪ್ರಾಕೃತ ಶಾಸನ ಅದು. ಅವನು ಗೆದ್ದನೆನ್ನಲಾದ ರಾಜ್ಯಗಳ ಪಟ್ಟಿಯನ್ನು ಹೇಗೆ ಓದಬೇಕೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಜಗಳವಿದೆ. ಆದರೆ ಶಾಸನ ಹುಟ್ಟಿದ್ದೇ ಒಂದು ಕೆರೆಯ ಸಲುವಾಗಿ. ಮಯೂರಶರ್ಮನು ‘ತಟಾಕ’ವನ್ನು ನಿರ್ಮಿಸಿದ ಎಂಬ ಮಾತು ಅಲ್ಲಿದೆ. ಕರ್ನಾಟಕದ ಮೊದಲ ಕನ್ನಡಿಗ ದೊರೆಯೆಂದು ನಾವು ಮೆರೆಸುವವನ ಶಾಸನವೊಂದು ನಮಗೆ ಉಳಿದುಬಂದಿರುವುದು ಕೆರೆಯ ಕೆಲಸದ ರಸೀತಿಯಾಗಿ! ಅವನಿಗಿಂತ ಮೊದಲೇ ಈ ಕಣಿವೆಯಲ್ಲಿ ಊರಿತ್ತು. ಕೃಷ್ಣ ಅವರು, ಮುಂದೆ 1947ರಲ್ಲಿ ಮಾರ್ಟಿಮರ್ ವೀಲರ್, ಇಲ್ಲಿ ಅಗೆದಾಗ ಸಾತವಾಹನರ ಕಾಲದ ಕುರುಹುಗಳು ಸಿಕ್ಕವು, ಜೊತೆಗೆ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯವೂ ಸಿಕ್ಕಿತು. ಮೆಡಿಟರೇನಿಯನ್ ಕಡಲಿನ ರೇವುಗಳಿಗೂ ನಮ್ಮ ಈ ಒಣ ಕಣಿವೆಗೂ ಎರಡು ಸಾವಿರ ವರ್ಷದ ಹಿಂದೆಯೇ ಲೇವಾದೇವಿ ಇದ್ದಿತೆಂದಾಯಿತು.

ಮೇಲೆ ಕೋಟೆಯಲ್ಲಿಯೂ ಇದೇ ಕಥೆ. ಒಬವ್ವನ ಕಿಂಡಿ ನೋಡಿದವರು ಹೊಂಡಗಳನ್ನು ನೋಡದೆ ಇಳಿಯಬಾರದು. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಬಂದು, ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಒಂದು ಹನಿ ನಾಲ್ಕು ಕಡೆ ನಿಂತು ಹೋಗುವ ವ್ಯವಸ್ಥೆ. 1779ರಲ್ಲಿ ಮದಕರಿನಾಯಕ ಹೈದರಾಲಿಗೆ ಸೋತ ಮೇಲೆ ನಾಯಕರ ಆಳ್ವಿಕೆ ಮುಗಿಯಿತು, ಹೊಂಡಗಳು ಉಳಿದವು.

ಈ ಹೈದರಾಲಿಯ ಹೆಸರು ಬಂದಾಗ ಬೆಂಗಳೂರಿನ ಲಾಲ್‌ಬಾಗಿನ ಮಾತು ಬಾರದೆ ಇರದು. 1760ರಲ್ಲಿ ಅವನು ಹಾಕಿಸಿದ ಸುಮಾರು 40 ಎಕರೆಯ ತೋಟ ಅದು. ಈಗ 240 ಎಕರೆ. ಆದರೆ ಅದಕ್ಕೆ ಮಾದರಿ ಸಿಕ್ಕಿದ್ದು ಬೆಂಗಳೂರಿನಲ್ಲಲ್ಲ, ಹಿರಿಯೂರಿನ ನೆರೆಯ ಶಿರಾದಲ್ಲಿ ಎಂದು ಹೇಳುತ್ತಾರೆ. ಮೊಗಲರ ಸುಬೇದಾರಿಯ ಮುಖ್ಯಪಟ್ಟಣವಾಗಿದ್ದ ಶಿರಾದಲ್ಲಿ ಖಾನ್ ಬಾಗ್ ಎಂಬ ತೋಟವಿತ್ತು. ಅದನ್ನು ಕಂಡು ಲಾಲ್‌ಬಾಗಿನ ಆಸೆ ಹುಟ್ಟಿತಂತೆ. ಶಿರಾ ಎಂದರೆ ಈಗ ಹೆದ್ದಾರಿಯ ಊಟದ ಹೋಟೆಲು, ಕಡಲೆಕಾಯಿ ಮತ್ತು ನೀರಿನ ತಾಪತ್ರಯ ಮಾತ್ರ ನೆನಪಾಗುವ ನಮಗೆ ಇದು ಅಚ್ಚರಿಯೆನಿಸಬಹುದು. ಒಣನೆಲದವರಿಗೇ ತೋಟದ ಹಂಬಲ ಹೆಚ್ಚು. ಮಲೆನಾಡಿನವರು ಉದ್ಯಾನಕ್ಕಾಗಿ ಎಂದೂ ಇಷ್ಟು ಕಷ್ಟಪಟ್ಟಿಲ್ಲ.

ಅರಸನ ಲಾಲ್‌ಬಾಗು ಜನರದಾಗಲು ಸುಮಾರು ನೂರು ವರ್ಷ ಹಿಡಿಯಿತು. ಟಿಪ್ಪು ಮಡಿದ ನಂತರ ಅದು ಇಂಗ್ಲಿಷರ ಕೈಯಿಂದ ಕೈಗೆ ದಾಟುತ್ತ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಮುಂದೆ 1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅವರು ಕಬ್ಬನ್ ಪಾರ್ಕ್ ರೂಪಿಸಿದರು. ಬೆಂಗಳೂರಿನ ಸ್ಯಾಂಕಿ ಕೆರೆಯೂ ಇವರ ಹೆಸರಿನದೇ. ಕೆರೆ ಬಲ್ಲ ಎಂಜಿನಿಯರೇ ಉದ್ಯಾನವನ್ನೂ ಹಾಕಿದ್ದು ಆಕಸ್ಮಿಕವಿರಲಾರದು. ಮೈಸೂರು ಸೀಮೆಯಲ್ಲಿ ಉದ್ಯಾನ ನೀರಾವರಿಯ ತಮ್ಮ. ಸರ್ ಮಿರ್ಜಾ ಇಸ್ಮಾಯಿಲ್ ಬೃಂದಾವನ ಮಾಡಿಸಿದ್ದು ಕನ್ನಂಬಾಡಿಯ ಕಟ್ಟೆಯ ಕೆಳಗೆ.

ನಮ್ಮ ಜಿಲ್ಲೆಯ ಕನ್ನಂಬಾಡಿಯೆಂದರೆ ಮಾರಿಕಣಿವೆ. ಕನ್ನಂಬಾಡಿಗಿಂತ ಇದೇ ಹಿರಿಯದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟು ವೇದಾವತಿಯನ್ನು ಎರಡು ಗುಡ್ಡಗಳ ನಡುವೆ ತಡೆದು ಸುಮಾರು 30 ಟಿಎಂಸಿ ನೀರು ಹಿಡಿಯುತ್ತದೆ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಜಲಾಶಯಕ್ಕೆ ಇಟ್ಟರು. ಕಟ್ಟೆಯ ಮೇಲಿನ ಮಂಟಪಗಳು, ಕೆಳಗಿನ ಉದ್ಯಾನ, ಸುತ್ತಲಿನ ಗುಡ್ಡಗಳು, ಒಂದು ದಿನದ ಪ್ರವಾಸಕ್ಕೆ ಹಿರಿಯೂರಿನ ಬಳಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಈ ಉದ್ಯಾನದ ಚೆಲುವು ಮಳೆಯ ಲೆಕ್ಕದ ಪುಸ್ತಕದಂತೆ ಏರಿಳಿಯುತ್ತದೆ. 1933ರಲ್ಲಿ ತುಂಬಿ ಕೋಡಿ ಹರಿದ ಜಲಾಶಯ ಮತ್ತೆ ಕೋಡಿ ಕಂಡದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ತಾತ ಕಂಡದ್ದನ್ನು ಮೊಮ್ಮಗ ಕಾಣುವಷ್ಟು ಕಾಲ. ಆಗ ಹಿರಿಯೂರಿನ ದಾರಿಯಲ್ಲಿ ಜನಸಾಗರವೇ ಸೇರಿತು. ಕೋಡಿಯ ನೀರಿಗೆ ಬಾಗಿನ ಬಿಟ್ಟರು, ಕಣ್ಣೀರು ಹಾಕಿದ ಮುದುಕರೂ ಇದ್ದರು. ಭದ್ರಾ ನೀರಿನ ಆಸರೆಯೂ ಸೇರಿ 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಹರಿಯಿತು. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ಕುಡಿಯುವ ನೀರಿಗೂ ಇದೇ ಆಸರೆಯಾಗಿರುವುದರಿಂದ, ಬರಗಾಲದಲ್ಲಿ ಹೂವಿನ ಪಾತಿಗೆ ಎಷ್ಟು, ಕೊಡಕ್ಕೆ ಎಷ್ಟು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹೇಳುವುದು ಸುಲಭವಲ್ಲ.

ಈ ಪ್ರಶ್ನೆ ನಮ್ಮದೊಂದೇ ಅಲ್ಲವೆಂಬುದಕ್ಕೆ ಇಲ್ಲಿಂದ ಸಾವಿರಾರು ಮೈಲಿ ದೂರದ ಒಂದು ಊರನ್ನು ನೋಡಬಹುದು. ಸ್ಪೇನ್ ದೇಶದ ಬಾರ್ಸಿಲೋನಾ ಮೆಡಿಟರೇನಿಯನ್ ದಡದ ದೊಡ್ಡ ಬಂದರು. ಕಡಲಿದೆ ಎಂದು ಮಳೆಯೂ ಜೋರೆಂದು ಭಾವಿಸಬೇಡಿ. ಅಲ್ಲಿ ಬೀಳುವುದೂ ವರ್ಷಕ್ಕೆ ಹೆಚ್ಚುಕಡಿಮೆ ನಮ್ಮ ದುರ್ಗದಷ್ಟೇ. ಅಲ್ಲಿಯೂ ಕೋಟೆಯ ಕಥೆಯಿದೆ, ಆದರೆ ತಿರುಗಾಮುರುಗಾ. ದುರ್ಗದ ಕೋಟೆ ಊರನ್ನು ಕಾಯಲು ಕಟ್ಟಿದ್ದು. ಬಾರ್ಸಿಲೋನಾದ್ದು ಊರನ್ನು ಹದ್ದುಬಸ್ತಿನಲ್ಲಿಡಲು ಕಟ್ಟಿದ್ದು. 1714ರಲ್ಲಿ ಮುತ್ತಿಗೆ ಹಾಕಿ ಊರನ್ನು ಗೆದ್ದ ದೊರೆ ಐದನೆಯ ಫಿಲಿಪ್, ಸೋತ ಜನ ಮತ್ತೆ ತಲೆಯೆತ್ತದಿರಲೆಂದು ಒಂದು ಕೇರಿಯ ಸಾವಿರದಷ್ಟು ಮನೆಗಳನ್ನು ಕೆಡವಿಸಿ ಆ ಜಾಗದಲ್ಲಿ ಭಾರಿ ಕೋಟೆ ಎಬ್ಬಿಸಿದ. ಅದರ ತೋಪುಗಳ ಬಾಯಿ ತಿರುಗಿದ್ದು ಊರಿನ ಕಡೆಗೇ. ಒಂದೂವರೆ ಶತಮಾನ ಜನ ಅದನ್ನು ಶಪಿಸಿದರು. 1869ರಲ್ಲಿ ಸರ್ಕಾರ ಜಾಗವನ್ನು ಊರಿಗೆ ಬಿಟ್ಟುಕೊಟ್ಟಾಗ ಅಲ್ಲಿ ಎದ್ದಿದ್ದು ಸಾರ್ವಜನಿಕ ಉದ್ಯಾನ. ಕೋಟೆ ಎಂಬ ಅರ್ಥದ ‘ಸಿಯುತಾದೆಲ್ಯ’ ಎಂಬ ಹೆಸರನ್ನು ಮಾತ್ರ ಅವರು ಬದಲಿಸಲಿಲ್ಲ. 1888ರ ವಿಶ್ವ ವಸ್ತುಪ್ರದರ್ಶನ ನಡೆದದ್ದು ಅಲ್ಲೇ. ಕೋಟೆಯ ಹಳೆಯ ಮದ್ದಿನಮನೆಯ ಕಟ್ಟಡದಲ್ಲಿ ಈಗ ಕ್ಯಾಟಲೋನಿಯಾ ಪ್ರಾಂತದ ಶಾಸನಸಭೆ ಕೂಡುತ್ತದೆ. ಅದರ ಎದುರಿನ ಹುಲ್ಲಿನ ಮೇಲೆ ಮಕ್ಕಳು ಹೊರಳುತ್ತವೆ.

ಅದೇ ಊರಿನ ಇನ್ನೊಂದು ಉದ್ಯಾನ ಪಾರ್ಕ್ ಗುವೆಲ್. ಇದನ್ನು ರೂಪಿಸಿದ ವಾಸ್ತುಶಿಲ್ಪಿಯ ಹೆಸರು ಆಂಟನಿ ಗೌಡಿ. (ನಮ್ಮ ಗೌಡರಿಗೂ ಇವರಿಗೂ ನೆಂಟಸ್ತಿಕೆಯೇನಿಲ್ಲ!) ಗುವೆಲ್ ಎಂಬ ಶ್ರೀಮಂತ ಉದ್ಯಮಿ 1900ರಲ್ಲಿ ಗುಡ್ಡವೊಂದರ ಮೇಲೆ ಸಿರಿವಂತರಿಗಾಗಿ ಮನೆ ನಿವೇಶನಗಳ ಬಡಾವಣೆ ಮಾಡಹೊರಟ. ಯಾರೂ ಕೊಳ್ಳಲಿಲ್ಲ. ಎರಡು ಮನೆಗಳೇಳುವಷ್ಟರಲ್ಲಿ ಕೆಲಸ ನಿಂತಿತು. 1922ರಲ್ಲಿ ನಗರಸಭೆ ಅದನ್ನು ಕೊಂಡು, 1926ರಲ್ಲಿ ಜನರಿಗೆ ತೆರೆಯಿತು. ರಿಯಲ್ ಎಸ್ಟೇಟ್ ನಷ್ಟದಿಂದ ಜನರಿಗೆ ಲಾಭವಾದ ಉದಾಹರಣೆ ನಮ್ಮಲ್ಲಿ ಅಪರೂಪವಾದ್ದರಿಂದ ಇದನ್ನು ಬಿಡಿಸಿ ಹೇಳಿದೆ.

ಬಣ್ಣದ ಹೆಂಚುಚೂರುಗಳ ಬಾಗುಬಳುಕಿನ ಕಟ್ಟೆಯನ್ನು ನೋಡಲು ಲೋಕವೇ ಅಲ್ಲಿಗೆ ಹೋಗುತ್ತದೆ. ಆದರೆ ಕಟ್ಟೆಯ ಕೆಳಗೆ ಇನ್ನೊಂದು ಕೆಲಸವಿದೆ, ಅದು ಚಿತ್ರದುರ್ಗದವರಿಗೆ ಹೇಳಿಸದೆ ಅರ್ಥವಾಗುವಂಥದು. ಕಟ್ಟೆಯಿರುವ ಬಯಲಿನಂಥ ಅಂಗಳಕ್ಕೆ ಗಟ್ಟಿ ನೆಲಹಾಸಿಲ್ಲ. ಬಿದ್ದ ಮಳೆ ಮರಳಿನಲ್ಲಿ ಇಂಗಿ, ಸೋಸಿಕೊಂಡು, ಅಂಗಳವನ್ನು ಹೊತ್ತ 86 ಕಂಬಗಳ ಪೈಕಿ ಕೆಲವದರ ಒಳಗಿನ ಕೊಳವೆಗಳಲ್ಲಿ ಇಳಿದು, ನೆಲದಡಿಯ 12 ಲಕ್ಷ ಲೀಟರಿನ ತೊಟ್ಟಿ ಸೇರುತ್ತದೆ. ಗಿಡಗಳಿಗೆ ಆ ನೀರು. ನಮ್ಮ ಅಕ್ಕ-ತಂಗಿ ಹೊಂಡಗಳ ಜಾಣ್ಮೆಯೇ ಇದು, ನಾಯಕರದು ಬಂಡೆಯಲ್ಲಿ, ಗೌಡಿಯವರದು ಕಂಬದಲ್ಲಿ.

ಆದರೂ ಬರ ಅವರನ್ನು ಬಿಡಲಿಲ್ಲ. 2021ರಿಂದ ಮಳೆ ಕೈಕೊಟ್ಟು 2024ರ ಫೆಬ್ರುವರಿಯಲ್ಲಿ ಕ್ಯಾಟಲೋನಿಯಾ ಸರ್ಕಾರ ಬಾರ್ಸಿಲೋನಾ ಸುತ್ತ ಜಲ ತುರ್ತುಸ್ಥಿತಿ ಸಾರಿತು. ಕಾರಂಜಿಗಳು ನಿಂತವು, ಕುಡಿಯುವ ನೀರನ್ನು ಉದ್ಯಾನಕ್ಕೆ ಹಾಯಿಸುವುದಕ್ಕೆ ತಡೆ ಬಿತ್ತು. ಇನ್ನೊಂದು ತಾಪತ್ರಯ ಜನರದು. ಪ್ರವಾಸಿಗಳ ನೂಕುನುಗ್ಗಲು ತಡೆಯಲಾರದೆ 2013ರ ಅಕ್ಟೋಬರಿನಿಂದ ಪಾರ್ಕ್ ಗುವೆಲ್‌ನ ಮುಖ್ಯ ಭಾಗಕ್ಕೆ ಟಿಕೆಟ್ ಇಟ್ಟರು. ನಮ್ಮ ಅಂಗಳಕ್ಕೆ ನಮಗೇ ಬಾಗಿಲೆ ಎಂದು ಸುತ್ತಲಿನ ನಿವಾಸಿಗಳು ಸಿಟ್ಟಾದರು. ನೆರೆಹೊರೆಯವರಿಗೆ ಬಿಟ್ಟಿ ಪ್ರವೇಶದ ಏರ್ಪಾಡು ಮಾಡಬೇಕಾಯಿತು. ‘ಯಾರದು’ ಎಂಬ ತುರುವನೂರಿನ ಪ್ರಶ್ನೆ ಅಲ್ಲಿಯೂ ಎದ್ದಿತು ನೋಡಿ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಸ್ವಲ್ಪಮಟ್ಟಿಗೆ ಕಾನೂನು ಕೊಟ್ಟಿದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳ ಅಂಚನ್ನು ಕಟ್ಟಡಗಳು ಮೆಲ್ಲುತ್ತ ಬಂದಾಗ 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ ಬಂತು. 1985ರಲ್ಲಿ ಉದ್ಯಾನ, ಆಟದ ಬಯಲು ಮತ್ತು ತೆರವು ಜಾಗಗಳಿಗೆ ಇನ್ನೊಂದು ಕಾಯಿದೆ. ಇವೆರಡಕ್ಕಿಂತ ಜನಸಾಮಾನ್ಯರು ನೆನಪಿಡಬೇಕಾದದ್ದು 1991ರ ಸುಪ್ರೀಂ ಕೋರ್ಟಿನ ತೀರ್ಪು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಬಡಾವಣೆಯ ನಿವಾಸಿಗಳು ಹೈಕೋರ್ಟಿನ ಒಬ್ಬ ನ್ಯಾಯಾಧೀಶರ ಮುಂದೆ ಸೋತು, ವಿಭಾಗೀಯ ಪೀಠದ ಮುಂದೆ ಗೆದ್ದು, ದೆಹಲಿಯವರೆಗೂ ಹೋದರು. ಆಸ್ಪತ್ರೆ ಒಳ್ಳೆಯದೇ ಇರಬಹುದು, ಆದರೆ ಉದ್ಯಾನಕ್ಕಿಟ್ಟ ಜಾಗ ಬಡಾವಣೆಯವರ ಉಸಿರಿಗೆ ಸೇರಿದ್ದು, ಅದನ್ನು ಅಧಿಕಾರಸ್ಥರು ತಮಗೆ ತೋಚಿದವರಿಗೆ ಕೊಡುವಂತಿಲ್ಲ, ಅದರ ವಿರುದ್ಧ ದೂರುವ ಹಕ್ಕು ಅಲ್ಲಿ ವಾಸಿಸುವ ಯಾರಿಗಾದರೂ ಇದೆ ಎಂಬುದು ತೀರ್ಪಿನ ಸಾರಾಂಶ. ದೇಶದ ಎಲ್ಲ ಕಡೆಯೂ ಉದ್ಯಾನ ಉಳಿಸುವ ವ್ಯಾಜ್ಯಗಳಲ್ಲಿ ವಕೀಲರು ಇಂದಿಗೂ ಇದನ್ನು ಎತ್ತಿ ಹಿಡಿಯುತ್ತಾರೆ.

ಹಳ್ಳಿಯ ಗುಂಡುತೋಪಿಗೆ ಅಷ್ಟು ಗಟ್ಟಿಯಾದ ವಕಾಲತ್ತು ಸಿಗಲಿಲ್ಲ. ಜನಸಂಖ್ಯೆ ಬೆಳೆದಂತೆ ಊರಿಗೆ ಶಾಲೆ ಬೇಕಾಯಿತು, ಆಸ್ಪತ್ರೆ, ನಿವೇಶನ, ಬಸ್ ನಿಲ್ದಾಣ ಬೇಕಾದವು. ಎಲ್ಲಕ್ಕೂ ಕಣ್ಣಿಗೆ ಬಿದ್ದದ್ದು ‘ಖಾಲಿ’ ಇರುವ ತೋಪೇ. ಒಂದೊಂದು ಕಾರಣವೂ ನ್ಯಾಯವಾದದ್ದೇ, ಒಟ್ಟು ಫಲ ಮಾತ್ರ ನೆರಳಿಲ್ಲದ ಊರು. ಉಳಿದ ತೋಪುಗಳನ್ನು ಒತ್ತುವರಿ ತಿಂದಿತು. ಇದಕ್ಕೆ ಪ್ರತಿಯಾಗಿ ಎನ್ನುವಂತೆ ಅರಣ್ಯ ಇಲಾಖೆ ಈಚಿನ ವರ್ಷಗಳಲ್ಲಿ ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ವೃಕ್ಷೋದ್ಯಾನಗಳನ್ನು ಮಾಡುತ್ತ ಬಂದಿದೆ. ಆದರೆ ತಿಮ್ಮಕ್ಕ ಹುಲಿಕಲ್ಲಿನ ಬಳಿ ಆಲದ ಸಸಿಗಳನ್ನು ನೆಟ್ಟದ್ದು ಹೆದ್ದಾರಿಯ ಬದಿಯಲ್ಲಿ, ಹೋಗಿಬರುವ ಯಾರಿಗಾದರೂ ನೆರಳಾಗಲೆಂದು. ಅವರ ಹೆಸರಿನ ಉದ್ಯಾನಕ್ಕೆ ಗೇಟು, ಟಿಕೆಟ್ಟು, ಪ್ರವೇಶದ ವೇಳಾಪಟ್ಟಿ ಬಂದರೆ ಏನೋ ಒಂದು ತಪ್ಪಿದಂತೆ ತೋರುತ್ತದೆ.

ವೇಳಾಪಟ್ಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಜಿಲ್ಲಾ, ತಾಲ್ಲೂಕು ಪಟ್ಟಣಗಳ ಎಷ್ಟೋ ಉದ್ಯಾನಗಳು ಮುಂಜಾನೆ ಎರಡು ಮೂರು ಗಂಟೆ, ಸಂಜೆ ಎರಡು ಮೂರು ಗಂಟೆ ಮಾತ್ರ ತೆರೆದಿರುತ್ತವೆ. ಇದು ವಾಯುವಿಹಾರಕ್ಕೆ ಬರುವ ನಮ್ಮಂಥವರ ಅನುಕೂಲಕ್ಕೆ ಮಾಡಿದ ಸಮಯ. ಮಧ್ಯಾಹ್ನದ ಹೊತ್ತು ಉದ್ಯಾನದ ಅಗತ್ಯ ಯಾರಿಗೆ ಎಂದು ಕೇಳಿಕೊಂಡರೆ ಬೇರೆಯೇ ಮುಖಗಳು ಕಾಣುತ್ತವೆ. ತಾಲ್ಲೂಕು ಕಚೇರಿಗೆ ಪಹಣಿಗಾಗಿ ಬಂದು ‘ಊಟವಾದ ಮೇಲೆ ಬಾ’ ಎನಿಸಿಕೊಂಡ ರೈತ, ಆಸ್ಪತ್ರೆಯಲ್ಲಿ ಮಗಳನ್ನು ಸೇರಿಸಿ ಹೊರಗೆ ಕಾಯುವ ತಾಯಿ, ಸಂತೆಗೆ ಸೊಪ್ಪು ತಂದು ಮಾರಿ ಬಸ್ಸಿಗೆ ಎರಡು ಗಂಟೆ ಹೊತ್ತಿರುವ ಹೆಂಗಸು. ಏಪ್ರಿಲ್ ತಿಂಗಳ ಒಂದು ಗಂಟೆಯ ಬಿಸಿಲಿನಲ್ಲಿ ಇವರು ಬೀಗ ಹಾಕಿದ ಗೇಟಿನ ಹೊರಗೆ, ಕಾಂಪೌಂಡಿನ ಆಚೆ ಚಾಚಿದ ಕೊಂಬೆಯ ಅಷ್ಟಗಲದ ನೆರಳಿನಲ್ಲಿ ಕುಳಿತಿರುತ್ತಾರೆ. ಒಳಗೆ ಹುಲ್ಲಿನ ಹಾಸು, ಬಣ್ಣ ಹಚ್ಚಿದ ಕಲ್ಲಿನ ಬೆಂಚು, ಎಂದೋ ನಿಂತುಹೋದ ಕಾರಂಜಿ.

ಬೀಗಕ್ಕೆ ಅಧಿಕಾರಿಗಳು ಕೊಡುವ ಕಾರಣಗಳು ಪೊಳ್ಳೇನಲ್ಲ. ಕಾವಲುಗಾರನಿಗೆ ಸಂಬಳ, ಕುಡುಕರ ಕಾಟ, ಗಿಡ ಕಿತ್ತೊಯ್ಯುವವರ ಭಯ, ನೀರಿನ ಕೊರತೆ. ಆದರೆ ಇವೆಲ್ಲ ಕಬ್ಬನ್ ಪಾರ್ಕಿಗೂ ಇವೆ. ಅದು ನಡುಹಗಲಿನಲ್ಲಿಯೂ ತೆರೆದೇ ಇರುತ್ತದೆ, ವಕೀಲರ ಕಕ್ಷಿದಾರರೂ ವಿಧಾನಸೌಧಕ್ಕೆ ಅರ್ಜಿ ತಂದವರೂ ಅಲ್ಲಿ ಮರದಡಿ ಬುತ್ತಿ ಬಿಚ್ಚುತ್ತಾರೆ. ಇನ್ನು ನೀರಿನ ಕೊರತೆಗೆ ಮದ್ದು ಹುಲ್ಲುಹಾಸನ್ನು ಕಡಿಮೆ ಮಾಡಿ, ಹೊಂಗೆ ಬೇವುಗಳನ್ನು ಹೆಚ್ಚು ಮಾಡುವುದು. ಎರಡು ಬೇಸಿಗೆ ನೀರುಣಿಸಿ ಕಾಪಾಡಿದರೆ ಹೊಂಗೆ ಆಮೇಲೆ ನಮ್ಮನ್ನು ಏನೂ ಕೇಳುವುದಿಲ್ಲ. ಅಂಗಳಕ್ಕೆಲ್ಲ ಸಿಮೆಂಟಿನ ಬಿಲ್ಲೆ ಜೋಡಿಸಿ ಮಳೆನೀರನ್ನು ಚರಂಡಿಗೆ ಕಳಿಸುವ ಬದಲು, ಅಷ್ಟು ನೆಲವನ್ನು ಮಣ್ಣಾಗಿಯೇ ಬಿಟ್ಟು ಒಂದು ಮೂಲೆಯಲ್ಲಿ ಇಂಗುಗುಂಡಿಯನ್ನೋ ಪುಟ್ಟ ಹೊಂಡವನ್ನೋ ತೆಗೆದರೆ ಸಾಕು.

ಬರುವ ಭಾನುವಾರ ಚಂದ್ರವಳ್ಳಿಗೆ ಹೋಗುವವರು ಶಾಸನವಿರುವ ಬಂಡೆಯ ಬಳಿ ಒಂದು ಗಳಿಗೆ ನಿಲ್ಲಿ. ಅಕ್ಷರ ನಮಗೆ ಓದಲು ಬಾರದು, ಕೆರೆ ಎಲ್ಲರಿಗೂ ಕಾಣುತ್ತದೆ. ಹಾಗೆಯೇ ನಿಮ್ಮ ನಿಮ್ಮ ಊರಿನ ಗ್ರಾಮನಕ್ಷೆಯನ್ನು ಒಮ್ಮೆ ತೆರೆಸಿ, ಗುಂಡುತೋಪಿನ ಸರ್ವೆ ನಂಬರು ಎಷ್ಟು, ಅಲ್ಲಿ ಈಗ ಏನಿದೆ ಎಂದು ನೋಡಿಬನ್ನಿ. ನಾಲ್ಕು ಹುಣಸೆ ಮರ ಉಳಿದಿದ್ದರೂ ಅದು ನಿಮ್ಮೂರಿನ ಕಬ್ಬನ್ ಪಾರ್ಕು.